ಗಾಡಿಯೊಳಗೆ ಬಚ್ಚಿಟ್ಟ ಕಲ್ಲು

ನಮ್ಮ ಆಫೀಸಿಗೆ ವರ್ಷಕ್ಕೊಂದು ಸಲ ಜ್ವರ ಬರುತ್ತೆ. ಅಪ್ರೈಸಲ್ ಮುಗಿದ ವಾರ ಶುರುವಾಗೋ ಜ್ವರ. "ಮಗಾ, ಎಲ್ಲಾ ಬಿಟ್ಟು ಒಂದು ಕ್ಯಾರವಾನ್ ತಗೊಂಡು ಹೆಂಡ್ತಿ ಮಕ್ಕಳ ಜೊತೆ ಹೊರಟುಬಿಡಬೇಕು" ಅಂತ ಊಟದ ಹೊತ್ತಲ್ಲಿ ಯಾರಾದರೂ ಒಬ್ಬ ಶುರು ಮಾಡ್ತಾನೆ. ಇನ್ನೊಬ್ಬ ಫೋನ್ ತೆಗೆದು ವಿಡಿಯೋ ತೋರಿಸ್ತಾನೆ. ಹಿಂದೆ ಮರುಭೂಮಿ, ಮುಂದೆ ಮಡಚುವ ಕುರ್ಚಿ, ಕೈಯಲ್ಲಿ ಕಾಫಿ, ಬರಿಗಾಲಲ್ಲಿ ಓಡಾಡುವ ಮಗು. ನಾನು ಇಂಥ ವಿಡಿಯೋ ಎಷ್ಟು ನೋಡಿದೀನೋ ಲೆಕ್ಕವಿಲ್ಲ. ಒಂದರಲ್ಲೂ ಯಾರೂ ಪಾತ್ರೆ ತೊಳೆದದ್ದು ನೆನಪಿಲ್ಲ.

ಈ ಜ್ವರ ನನಗೂ ಬಂದಿತ್ತು. ಕೆಲಸದ ಮೇಲೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾಗ ಒಂಬತ್ತು ದಿನಕ್ಕೆ ಮೋಟರ್‌ಹೋಮ್ ಬಾಡಿಗೆಗೆ ತಗೊಂಡು, ಹೆಂಡತಿ, ಆರು ವರ್ಷದ ಮಗಳು, ಊರಿಂದ ಬಂದಿದ್ದ ನಮ್ಮವ್ವನನ್ನು ಕೂರಿಸಿಕೊಂಡು ನೆವಾಡಾದ ಬಯಲಿಗೆ ಹೊರಟಿದ್ದೆ. ಆ ಪ್ರಯಾಣದ ಕಥೆ ಆಮೇಲೆ ಹೇಳ್ತೀನಿ. ವಾಪಸ್ ಬಂದ ಮೇಲೆ, ನಮಗಾದದ್ದು ಬೇರೆಯವರಿಗೂ ಆಗುತ್ತಾ ಅಂತ ತಿಳಿಯೋಕೆ ಗಾಲಿಯ ಮೇಲಿನ ಮನೆ ಇರುವ ಸಿನಿಮಾಗಳನ್ನು ಹುಡುಕಿ ನೋಡೋಕೆ ಶುರು ಮಾಡಿದೆ. ಅದರಲ್ಲಿ ಮೂರರ ಬಗ್ಗೆ ಇಲ್ಲಿ ಬರೀತೀನಿ. ಮೂರೂ ಹಾಸ್ಯದ ಸಿನಿಮಾ, ಮೂರರಲ್ಲೂ ಒಬ್ಬರು ಜೊತೆಯವರಿಂದ ಏನನ್ನೋ ಮುಚ್ಚಿಡ್ತಾರೆ. ಮುಚ್ಚಿಟ್ಟದ್ದು ಬಯಲಾದಾಗ ಯಾರಿಗೆ ಬೈಗುಳ, ಯಾರಿಗೆ ಕ್ಷಮೆ ಅನ್ನೋದರಲ್ಲಿ ಮಾತ್ರ ಈ ಸಿನಿಮಾಗಳು ಒಂದೇ ತಕ್ಕಡಿ ಬಳಸೋದಿಲ್ಲ. ನನ್ನ ತಕರಾರು ಅದೇ.

ಮೊದಲನೆಯದು ವಿನ್ಸೆಂಟಿ ಮಿನೆಲ್ಲಿ ನಿರ್ದೇಶಿಸಿದ ‘ದ ಲಾಂಗ್, ಲಾಂಗ್ ಟ್ರೇಲರ್’, 1954ರದ್ದು. ಲೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ ಜೋಡಿ. ‘ಐ ಲವ್ ಲೂಸಿ’ ಟಿವಿ ಸರಣಿಯಿಂದ ಆಗ ಅಮೆರಿಕದಲ್ಲಿ ಮನೆಮಾತಾಗಿದ್ದವರು, ನಿಜ ಜೀವನದಲ್ಲೂ ಗಂಡ ಹೆಂಡತಿ. ನಾಯಕ ನಿಕಿ ನಮ್ಮ ಹಾಗೆ ಇಂಜಿನಿಯರ್, ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಮದುವೆಯಾಗಲಿರುವ ಟೇಸಿ ಹೇಳ್ತಾಳೆ: ಬಾಡಿಗೆ ಮನೆ ಯಾಕೆ, ಟ್ರೇಲರ್ ತಗೊಂಡ್ರೆ ಮನೆಯೇ ನಮ್ಮ ಜೊತೆ ಬರುತ್ತಲ್ಲ? ಚಿಕ್ಕದು ನೋಡೋಕೆ ಹೋದವರು ಕೊನೆಗೆ 36 ಅಡಿ ಉದ್ದದ ಹಳದಿ ಟ್ರೇಲರ್ ತಗೊಳ್ತಾರೆ. ಅದನ್ನು ಎಳೆಯೋಕೆ ಇರೋ ಕಾರು ಸಾಲದು, ಹೊಸ ಕಾರೂ ಬೇಕು. ನಾವು ಫ್ಲಾಟ್ ತಗೊಂಡು ಆಮೇಲೆ ಇಂಟೀರಿಯರ್‌ಗೆ ಇನ್ನೊಂದು ಸಾಲ ಮಾಡ್ತೀವಲ್ಲ, ಹಾಗೆ.

ಈ ಸಿನಿಮಾದ ಹೆಸರುವಾಸಿ ದೃಶ್ಯ ಅಡುಗೆಯದ್ದು. ಊರು ತಲುಪುವಷ್ಟರಲ್ಲಿ ಊಟ ರೆಡಿ ಇರಲಿ ಅಂತ ಟೇಸಿ ಓಡುತ್ತಿರುವ ಟ್ರೇಲರ್ ಒಳಗೇ ಅಡುಗೆಗೆ ನಿಲ್ಲುತ್ತಾಳೆ. ಮುಂದೆ ಕಾರಲ್ಲಿ ಗಂಡ ಹಾಡು ಹೇಳ್ಕೊಂಡು ಆರಾಮಾಗಿ ಓಡಿಸ್ತಾ ಇದ್ದಾನೆ. ಹಿಂದೆ ಹಿಟ್ಟು, ಪಾತ್ರೆ, ಪದಾರ್ಥ ಎಲ್ಲಾ ಅವಳ ಮೈಮೇಲೆ. ಲೂಸಿಲ್ ಬಾಲ್ ಬೀಳುವ ರೀತಿಗೆ ನಗದೆ ಇರೋಕಾಗಲ್ಲ. ನಾನು ನಕ್ಕೆ. ಪಕ್ಕದಲ್ಲಿದ್ದ ಹೆಂಡತಿಯೂ ನಕ್ಕಳು, ಆದರೆ ಒಂದು ಸೆಕೆಂಡು ತಡವಾಗಿ. ನಮ್ಮ ಒಂಬತ್ತು ದಿನದಲ್ಲಿ ಸ್ಟಿಯರಿಂಗ್ ಹಿಡಿದದ್ದು ನಾನೇ, ಹಿಂದೆ ಸೌಟು ಹಿಡಿದದ್ದು ಅವಳು ಮತ್ತು ಅವ್ವ. ಮಿನೆಲ್ಲಿ ಒಂದು ಮಾತೂ ಆಡಿಸದೆ ಎರಡು ಕೋಣೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿಬಿಡ್ತಾನೆ: ಮುಂದೆ ಕೂತವನಿಗೆ ಇದು ಪ್ರವಾಸ, ಹಿಂದೆ ನಿಂತವಳಿಗೆ ಇದು ಅಲುಗಾಡುವ ಅಡುಗೆಮನೆ.

ಆದರೆ ಸಿನಿಮಾ ಈ ಜಾಣತನವನ್ನು ಕೊನೆತನಕ ಉಳಿಸಿಕೊಳ್ಳೋದಿಲ್ಲ. ಟೇಸಿಗೆ ಹೋದ ಕಡೆಯಲ್ಲೆಲ್ಲ ಒಂದೊಂದು ಕಲ್ಲು ಆರಿಸಿಕೊಳ್ಳುವ ಅಭ್ಯಾಸ, ನೆನಪಿಗೆ. ಹಣ್ಣಿನ ಉಪ್ಪಿನಕಾಯಿ ಥರದ ಜಾಡಿಗಳನ್ನೂ ತುಂಬಿಕೊಂಡಿದ್ದಾಳೆ. ಮುಂದೆ ದೊಡ್ಡ ಘಾಟಿ ಹತ್ತಬೇಕು. ಗಂಡ ತೂಕದ ಲೆಕ್ಕ ಹಾಕಿ "ಎಲ್ಲಾ ಎಸೆದುಬಿಡು" ಅಂತಾನೆ. ಅವಳು ಹ್ಞೂಂ ಅಂತಾಳೆ, ಎಸೆಯದೆ ಗಾಡಿಯೊಳಗೇ ಅಲ್ಲಲ್ಲಿ ಬಚ್ಚಿಡ್ತಾಳೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ ಇರೋ ರಸ್ತೆ. ಇಬ್ಬರೂ ಹೆದರಿಕೆ ಮುಚ್ಚೋಕೆ ಏನೇನೋ ಹರಟುತ್ತಾ ಹತ್ತುತ್ತಾರೆ. ಕಲ್ಲು ಉರುಳಿ ಗುಟ್ಟು ಬಯಲಾಗುತ್ತೆ. ಅವನು ಸಿಟ್ಟಲ್ಲಿ ಒಂದೊಂದೇ ಕಲ್ಲನ್ನು ಪ್ರಪಾತಕ್ಕೆ ಎಸೀತಾನೆ. ಇಂಜಿನಿಯರ್ ಆಗಿ ನಾನು ಅವನ ಕಡೆ. ಲೋಡ್ ಅಂದರೆ ಲೋಡೇ, ಘಾಟಿ ರಸ್ತೆಗೆ ಸೆಂಟಿಮೆಂಟ್ ಗೊತ್ತಾಗಲ್ಲ. ವಿಮರ್ಶೆ ಬರೆಯೋನಾಗಿ ನನ್ನ ಪ್ರಶ್ನೆ ಬೇರೆ. ಟ್ರೇಲರ್ ಒಳಗಿನ ಎಷ್ಟೋ ಸಾಮಾನಿನ ಮಧ್ಯೆ ಸಿನಿಮಾ ‘ಅನಗತ್ಯ’ ಅಂತ ಹಣೆಪಟ್ಟಿ ಹಚ್ಚೋದು ಅವಳ ಕಲ್ಲಿಗೆ ಮಾತ್ರ. ಇಡೀ ಕಥೆಯನ್ನು ಹೇಳ್ತಿರೋನು ನಿಕಿ. ಮಳೆಯಲ್ಲಿ ನೆನೆದು ಬಂದು, ಅಪರಿಚಿತನೊಬ್ಬನ ಎದುರು ಕೂತು ತನ್ನ ಪಾಡು ಹೇಳಿಕೊಳ್ತಾನೆ. ಟೇಸಿಗೆ ಅಂಥ ಒಬ್ಬ ಕೇಳುಗ ಸಿಕ್ಕಿದ್ದರೆ ಕಲ್ಲಿನ ಕಥೆ ಬೇರೆಯಾಗಿರುತ್ತಿತ್ತು.

ಎರಡನೆಯದು ಆಲ್ಬರ್ಟ್ ಬ್ರೂಕ್ಸ್ ನಿರ್ದೇಶಿಸಿ ನಟಿಸಿದ ‘ಲಾಸ್ಟ್ ಇನ್ ಅಮೆರಿಕಾ’, 1985. ಐಟಿಯಲ್ಲಿರುವ ಪ್ರತಿಯೊಬ್ಬರೂ ಇದನ್ನು ನೋಡಲೇಬೇಕು, ಆದರೆ ಅಪ್ರೈಸಲ್ ವಾರ ಮಾತ್ರ ಬೇಡ. ಲಾಸ್ ಏಂಜಲೀಸ್‌ನ ಜಾಹೀರಾತು ಕಂಪನಿಯಲ್ಲಿರುವ ಡೇವಿಡ್‌ಗೆ ಪ್ರಮೋಷನ್ ಬರುತ್ತೆ ಅಂತ ಖಾತ್ರಿ. ಬರೋದು ನ್ಯೂಯಾರ್ಕಿಗೆ ವರ್ಗಾವಣೆ. ಬಾಸ್‌ಗೆ ಬಾಯಿಗೆ ಬಂದದ್ದು ಬೈದು ಕೆಲಸ ಕಳ್ಕೊಳ್ತಾನೆ, ಹೆಂಡತಿ ಲಿಂಡಾಳ ಕೈಯಲ್ಲೂ ಕೆಲಸ ಬಿಡಿಸ್ತಾನೆ. ಮನೆ ಮಾರಿ, ಇದ್ದದ್ದೆಲ್ಲ ದುಡ್ಡು ಮಾಡಿ, ವಿನ್ನಿಬ್ಯಾಗೋ ಮೋಟರ್‌ಹೋಮ್ ತಗೊಂಡು ‘ಈಸಿ ರೈಡರ್’ ಸಿನಿಮಾದವರ ಹಾಗೆ ದೇಶ ನೋಡೋಕೆ ಹೊರಡ್ತಾರೆ. ಅವರು ಬೈಕಲ್ಲಿ ಹೋಗಿದ್ದರು, ಇವನ ಗಾಡಿಯಲ್ಲಿ ಮೈಕ್ರೋವೇವ್ ಇದೆ. ಸ್ವಾತಂತ್ರ್ಯ ಬೇಕು, ಬ್ರೆಡ್ಡಿನ ಮೇಲೆ ಚೀಸ್ ಕರಗಿಸೋಕೂ ಆಗಬೇಕು. ನಮ್ಮನ್ನೇ ನೋಡಿ ಬರೆದ ಹಾಗಿದೆ.

ಮೊದಲ ರಾತ್ರಿ ಲಾಸ್ ವೇಗಸ್. ಗಂಡ ನಿದ್ದೆಯಲ್ಲಿದ್ದಾಗ ಲಿಂಡಾ ಎದ್ದು ಹೋಗಿ ರೂಲೆಟ್ ಮೇಜಿನ ಮುಂದೆ ಕೂರ್ತಾಳೆ. ಬೆಳಗಾಗುವಷ್ಟರಲ್ಲಿ ಉಳಿತಾಯವೆಲ್ಲ ಹೆಚ್ಚುಕಮ್ಮಿ ಖಾಲಿ. ಡೇವಿಡ್ ಕ್ಯಾಸಿನೋ ಮ್ಯಾನೇಜರ್ ಹತ್ತಿರ ಕೂತು, ‘ದುಡ್ಡು ವಾಪಸ್ ಕೊಡಿ, ಅದನ್ನೇ ಜಾಹೀರಾತು ಮಾಡಿಕೊಳ್ಳಿ, ನಿಮಗೆ ಒಳ್ಳೇ ಹೆಸರು ಬರುತ್ತೆ’ ಅಂತ ಪ್ರೆಸೆಂಟೇಷನ್ ಕೊಡುವ ದೃಶ್ಯವಿದೆ. ಮುಳುಗುತ್ತಿರುವವನೂ ಸ್ಲೈಡ್ ತೋರಿಸೋದು ಬಿಡಲ್ಲ. ಆಮೇಲೆ ಹೂವರ್ ಡ್ಯಾಮಿನ ಮೇಲೆ ಜಗಳ. ಅರಿಜೋನಾದ ಸಣ್ಣ ಊರಲ್ಲಿ ಅವನಿಗೆ ಸಿಗೋದು ಶಾಲೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ. ಕೊನೆಗೆ ಗಾಡಿ ನ್ಯೂಯಾರ್ಕಿನ ಕಡೆ ತಿರುಗುತ್ತೆ, ಬಿಟ್ಟ ಕೆಲಸವನ್ನೇ ಬೇಡೋಕೆ.

ಮೂರರಲ್ಲಿ ನನಗೆ ಇದೇ ಶ್ರೇಷ್ಠ. ಬ್ರೂಕ್ಸ್ ತಾನೇ ಆಡಿದ ಪಾತ್ರವನ್ನು ಒಂದು ಕ್ಷಣವೂ ಕಾಪಾಡೋದಿಲ್ಲ. ಆದರೂ ತಕ್ಕಡಿ ನೋಡಿ. ಡೇವಿಡ್ ಒಂದು ಮಧ್ಯಾಹ್ನದ ಸಿಟ್ಟಲ್ಲಿ ಇಬ್ಬರ ಸಂಬಳ, ಮನೆ ಎಲ್ಲ ಕಳೆದ. ಅದಕ್ಕೆ ಹೆಸರು ‘ಬದುಕು ಹುಡುಕಿಕೊಂಡು ಹೊರಟದ್ದು’. ಲಿಂಡಾ ಒಂದು ರಾತ್ರಿಯಲ್ಲಿ ಉಳಿತಾಯ ಕಳೆದಳು. ಅದಕ್ಕೆ ಹೆಸರು ಜೂಜು. ನನಗೆ ಇಬ್ಬರೂ ಜೂಜಾಡಿದ ಹಾಗೇ ಕಾಣುತ್ತೆ. ಅವಳಿಗೆ ಒಳಗೊಳಗೇ ಏನಾಗ್ತಿತ್ತು, ಅಷ್ಟು ವರ್ಷ ಲೆಕ್ಕ ಹಾಕಿ ಬದುಕಿದವಳು ಆ ರಾತ್ರಿ ಯಾಕೆ ಎದ್ದು ಹೋದಳು ಅಂತ ಡೇವಿಡ್ ಕೂತು ಕೇಳೋದೇ ಇಲ್ಲ. ಉಳಿತಾಯ ಅಂದರೆ ಏನು ಅಂತ ಪಾಠ ಮಾಡ್ತಾನೆ.

ಮೂರನೆಯದು ‘ಆರ್‌ವಿ’, 2006. ಬ್ಯಾರಿ ಸೋನೆನ್‌ಫೆಲ್ಡ್ ನಿರ್ದೇಶನ, ರಾಬಿನ್ ವಿಲಿಯಮ್ಸ್ ನಾಯಕ. ಕಲೆಯ ಲೆಕ್ಕದಲ್ಲಿ ಮೂರರಲ್ಲಿ ಇದೇ ಕೊನೆಯದು. ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಜೋಕನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಎಳೀತಾರೆ. ಆದರೂ ನಮ್ಮ ಪೀಳಿಗೆಗೆ ಇದೇ ಹತ್ತಿರದ್ದು. ಬಾಬ್ ಅನ್ನೋ ಅಪ್ಪ ಹವಾಯಿ ಪ್ರವಾಸ ರದ್ದು ಮಾಡಿ, ಹೆಂಡತಿ, ಮಗಳು, ಮಗನನ್ನು ಬಾಡಿಗೆ ಮೋಟರ್‌ಹೋಮಿನಲ್ಲಿ ಕೊಲೊರಾಡೋಗೆ ಕರ್ಕೊಂಡು ಹೋಗ್ತಾನೆ. ಎಲ್ಲರೂ ಒಟ್ಟಿಗೆ ಇರೋಣ, ಅದಕ್ಕೇ ಅಂತ ಹೇಳ್ತಾನೆ. ನಿಜ ಏನಂದರೆ ಅಲ್ಲಿ ಆಫೀಸಿನ ಮೀಟಿಂಗ್ ಇದೆ, ಹೋಗದಿದ್ದರೆ ಕೆಲಸ ಹೋಗುತ್ತೆ. ದಾರಿಯುದ್ದ ಮನೆಯವರ ಕಣ್ಣು ತಪ್ಪಿಸಿ ಕೆಲಸ ಮಾಡ್ತಾನೆ. ಗುಟ್ಟು ಬಯಲಾದಾಗ ಜಗಳ ಆಗುತ್ತೆ, ಆದರೆ ಸಿನಿಮಾ ಅವನನ್ನು ಬೇಗ ಕ್ಷಮಿಸುತ್ತೆ. ಕೊನೆಗೆ ಸಂಸಾರವೂ ಉಳಿಯುತ್ತೆ, ಕೆಲಸವೂ ಸಿಗುತ್ತೆ. ಹೆಂಡತಿ ಕಲ್ಲು ಮುಚ್ಚಿಟ್ಟರೆ ಪ್ರಾಣಾಪಾಯ, ಹೆಂಡತಿ ದುಡ್ಡು ಕಳೆದರೆ ಸರ್ವನಾಶ, ಗಂಡ ಆಫೀಸು ಮುಚ್ಚಿಟ್ಟರೆ ‘ಪಾಪ, ಮನೆಯವರಿಗೋಸ್ಕರ ತಾನೇ’. ಸಿನಿಮಾ ನೋಡುವಾಗ ಇದು ನನಗೆ ಕಂಡದ್ದೇ ತಡವಾಗಿ. ಯಾಕೆಂದರೆ ನಾನೇ ಬಾಬ್ ಆಗಿದ್ದೆ.

ಈಗ ನಮ್ಮ ಕಥೆ. ಯೂಟಾದ ಡೆಲ್ಟಾ ಊರು ದಾಟಿದ ಮೇಲೆ ಹೈವೇ 50 ಹಿಡಿದು ಪಶ್ಚಿಮಕ್ಕೆ ಹೋದರೆ ನೆವಾಡಾ ಗಡಿಯವರೆಗೆ 80 ಮೈಲಿಗೂ ಹೆಚ್ಚು ದೂರ ಪೆಟ್ರೋಲ್ ಬಂಕಿಲ್ಲ. ಆಮೇಲೆ ಈಲಿ, ಯುರೇಕಾ, ಆಸ್ಟಿನ್ ಅಂತ ಸಣ್ಣ ಗಣಿ ಊರುಗಳು, ಒಂದೊಂದರ ಮಧ್ಯೆ 70 ಮೈಲಿಯ ಮೇಲೆ. ನೆವಾಡಾದೊಳಗಿನ ಈ ದಾರಿಗೆ 1986ರಲ್ಲಿ ‘ಲೈಫ್’ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಹೆಸರಿಟ್ಟಿತ್ತು. ಒಂದು ಬೆಟ್ಟಸಾಲು ಹತ್ತಿ ಇಳಿದರೆ ಬಯಲು, ಬಯಲು ಮುಗಿದರೆ ಮತ್ತೊಂದು ಬೆಟ್ಟಸಾಲು. ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ಲೇ ಇರಲಿಲ್ಲ.

ಮೊದಲ ದಿನವೇ ಅವ್ವನಿಗೆ ಗಾಡಿಯ ಮೂರು ಟ್ಯಾಂಕ್ ವಿವರಿಸಿದೆ. ಒಂದು ಒಳ್ಳೇ ನೀರಿಗೆ, ಒಂದು ಪಾತ್ರೆ ತೊಳೆದ ನೀರಿಗೆ, ಒಂದು ಕಕ್ಕಸಿಗೆ. ಅವ್ವ ಕೇಳಿಸಿಕೊಂಡು, "ಅಂದ್ರ ನಮ್ಮ ಕಕ್ಕಸ ನಾವ ಹೊತ್ಕೊಂಡು ತಿರಗೂದೇನಪಾ? ಇದಕ್ಕ ಇಷ್ಟು ರೊಕ್ಕ ಕೊಟ್ಟೀಯಾ?" ಅಂದಳು. ಜೋಳದ ರೊಟ್ಟಿಯ ಡಬ್ಬಿಯನ್ನು ಊಟದ ಮೇಜಿನ ಪಕ್ಕದ ಸೀಟಿನ ಕೆಳಗೆ ಇಟ್ಟಿದ್ದಳು. ಆ ಡಬ್ಬಿಯ ಹಿಂದೆ ನಾನು ಆಫೀಸಿನ ಲ್ಯಾಪ್‌ಟಾಪ್ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಆ ವಾರ ನಮ್ಮದೊಂದು ರಿಲೀಸ್ ಇತ್ತು. ರಜೆ ಹಾಕಿದ್ದೆ, ಆದರೆ ‘ಏನಾದರೂ ಆದರೆ ನೋಡ್ತೀನಿ’ ಅಂತ ಮ್ಯಾನೇಜರ್‌ಗೆ ಮಾತು ಕೊಟ್ಟಿದ್ದೆ. ಹೆಂಡತಿಗೆ ‘ಈ ಸಲ ಆಫೀಸಿನ ಸುದ್ದಿಯೇ ಇಲ್ಲ’ ಅಂತ ಮಾತು ಕೊಟ್ಟಿದ್ದೆ.

ಮೂರನೇ ದಿನ ಈಲಿಯಲ್ಲಿ ಸಿಗ್ನಲ್ ಸಿಕ್ಕಿತು, ಜೊತೆಗೆ ಹದಿನಾಲ್ಕು ಮೆಸೇಜು. ಗಾಡಿಯನ್ನು ಕ್ಯಾಂಪಿನಲ್ಲಿ ನಿಲ್ಲಿಸಿ, ಟೈರಿಗೆ ಗಾಳಿ ತುಂಬುವ ಪಂಪು ಹುಡುಕಿ ಬರ್ತೀನಿ ಅಂತ ಹೇಳಿ, ಲ್ಯಾಪ್‌ಟಾಪನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡು ಹೋಗಿ ಕಾಫಿ ಅಂಗಡಿಯಲ್ಲಿ ಎರಡು ಗಂಟೆ ಕೂತೆ. ವಾಪಸ್ ಬಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು, "ಪಂಪು ಸಿಕ್ತಾ?" ಸಿಗಲಿಲ್ಲ ಅಂದೆ. ಅವಳು ರೊಟ್ಟಿ ಡಬ್ಬಿ ತೆಗೆಯೋಕೆ ಹೋದಾಗಲೇ ನೋಡಿದ್ದಳು ಅಂತ ಆಮೇಲೆ ಗೊತ್ತಾಯ್ತು. 25 ಅಡಿಯ ಗಾಡಿಯಲ್ಲಿ ಜಗಳ ಆಡೋಕೆ ಜಾಗವಿಲ್ಲ. ಅವತ್ತು ರಾತ್ರಿ ಇಬ್ಬರೂ ಹೊರಗೆ ಚಳಿಯಲ್ಲಿ ನಿಂತು ಪಿಸುಮಾತಲ್ಲಿ ಜಗಳ ಆಡಿದೆವು. "ಮೊದಲೇ ಹೇಳಿದ್ರೆ ನಾನು ಬೇಡ ಅಂತಿದ್ನಾ?" ಅಂದಳು. ಒಂದು ಕ್ಷಣ ಸುಮ್ಮನಿದ್ದು ಅವಳೇ, "ಅಂತಿದ್ದೆ" ಅಂದಳು. ಆದರೆ ಒಳಗೆ ಅವ್ವನಿಗೆ ಎಲ್ಲಾ ಕೇಳಿಸ್ತಿತ್ತು.

ಐದನೇ ದಿನ ಆಸ್ಟಿನ್ ಹತ್ತಿರ ಅವ್ವ ಪಾತ್ರೆ ತೊಳೆಯುತ್ತಾ ನಿಂತವಳು ಹಾಗೇ ಗೋಡೆ ಹಿಡಿದು ಕೂತಳು. ತಲೆ ಸುತ್ತು. ಬಿ.ಪಿ. ಮಾತ್ರೆ ತಗೊಂಡ್ಯಾ ಅಂತ ಕೇಳಿದೆ. ಉತ್ತರವಿಲ್ಲ. ಮಾತ್ರೆಯ ಡಬ್ಬಿ ಸಾಲ್ಟ್ ಲೇಕ್ ಸಿಟಿಯ ಮನೆಯಲ್ಲೇ ಉಳಿದಿತ್ತು. ಕೈಚೀಲದಲ್ಲಿದ್ದ ನಾಲ್ಕು ಮಾತ್ರೆ ಎರಡನೇ ದಿನಕ್ಕೇ ಮುಗಿದಿತ್ತು. ಅವಳಿಗೆ ಗೊತ್ತಿತ್ತು. ಯಾಕವ್ವಾ ಹೇಳಲಿಲ್ಲ ಅಂದರೆ, "ನೀ ಮೊದಲ ತಲಿ ಕೆಡಿಸ್ಕೊಂಡಿದ್ದಿ. ನೀವಿಬ್ರೂ ಜಗಳಾ ಬ್ಯಾರೆ ಆಡಾಕತ್ತಿದ್ರಿ. ನಂದೊಂದು ಯಾಕ ಅಂತ ಸುಮ್ನಾದೆ" ಅಂದಳು.

ಆಸ್ಟಿನ್‌ನಿಂದ ಫಾಲನ್ ಊರಿಗೆ ಸುಮಾರು 110 ಮೈಲಿ. ಆ ದೂರವನ್ನು ನಾನು ಓಡಿಸಿದ ರೀತಿ ಇವತ್ತಿಗೂ ನೆನೆಸಿಕೊಳ್ಳೋಕೆ ಇಷ್ಟವಿಲ್ಲ. ಮಗಳು ಅಜ್ಜಿಯ ಕೈ ಹಿಡಿದು ಒಂದೂ ಮಾತಾಡದೆ ಕೂತಿದ್ದಳು. ಫಾಲನ್‌ನಲ್ಲಿ ಡಾಕ್ಟರ್ ನೋಡಿದಾಗ ಬಿ.ಪಿ. 190/110. ಮಾತ್ರೆ ಕೊಟ್ಟು, ಎರಡು ಗಂಟೆ ಮಲಗಿಸಿ, ಇಳಿದ ಮೇಲೆ ಕಳಿಸಿದರು. ದೊಡ್ಡ ಅನಾಹುತ ಆಗಲಿಲ್ಲ. ನಾನು ಅವತ್ತೇ ಪ್ರಯಾಣ ಮುಗಿಸಿ ವಾಪಸ್ ಹೊರಡೋಣ ಅಂದೆ. ಬೇಡ ಅಂದವಳು ಅವ್ವನೇ.

ಈ ಅನುಭವ ಆದ ಮೇಲೆ ಮೂರೂ ಸಿನಿಮಾ ನೋಡಿದ್ದರಿಂದ ನನಗೆ ಒಂದು ಕೊರತೆ ಎದ್ದು ಕಾಣಿಸಿತು. ಈ ಮೂರೂ ಗಾಡಿಗಳಲ್ಲಿ ವಯಸ್ಸಾದವರಿಲ್ಲ. ಎರಡರಲ್ಲಿ ಮಕ್ಕಳೂ ಇಲ್ಲ. 2006ರದ್ದೇ ‘ಲಿಟಲ್ ಮಿಸ್ ಸನ್‌ಶೈನ್’ ಸಿನಿಮಾದಲ್ಲಿ ಒಬ್ಬ ಅಜ್ಜ ಇದ್ದಾನೆ, ಆದರೆ ಅದು ಹಳೇ ಫೋಕ್ಸ್‌ವ್ಯಾಗನ್ ವ್ಯಾನು, ಮನೆಯಲ್ಲ. ಅವನೂ ಅರ್ಧ ದಾರಿಯಲ್ಲೇ ಸಾಯ್ತಾನೆ. ಗಂಡ ಹೆಂಡತಿ ಜಗಳವಾಡಿ, ಮಳೆಯಲ್ಲಿ ನೆನೆದು, ಒಂದಾದರೆ ಕಥೆ ಮುಗೀತು ಅಂತ ಈ ಸಿನಿಮಾಗಳು ತಿಳ್ಕೊಂಡಿವೆ. ಬಚ್ಚಿಡೋದರಲ್ಲಿ ಎರಡು ಬಗೆ ಇದೆ. ಬೇಕಾದ್ದನ್ನು ಉಳಿಸಿಕೊಳ್ಳೋಕೆ ಬಚ್ಚಿಡೋದು ಒಂದು: ಟೇಸಿಯ ಕಲ್ಲು, ಬಾಬ್‌ನ ಮೀಟಿಂಗು, ನನ್ನ ಲ್ಯಾಪ್‌ಟಾಪು. ಬೇರೆಯವರಿಗೆ ಭಾರ ಆಗಬಾರದು ಅಂತ ತನ್ನ ಕಷ್ಟವನ್ನೇ ಬಚ್ಚಿಡೋದು ಇನ್ನೊಂದು. ಹಾಲಿವುಡ್ಡಿಗೆ ಮೊದಲನೆಯದು ಚೆನ್ನಾಗಿ ಗೊತ್ತು, ಅದರಲ್ಲಿ ನಗು ಇದೆ. ಎರಡನೆಯದು ಈ ಮೂರು ಗಾಡಿಗೆ ಹತ್ತಲೇ ಇಲ್ಲ.

ನಮ್ಮೂರು ಹಾವೇರಿ ಜಿಲ್ಲೆಯದ್ದು. ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ನಮ್ಮ ಹೊಲಕ್ಕೆ ಕುರಿ ನಿಲ್ಲಿಸೋಕೆ ಬರುತ್ತಿದ್ದರು. ರಾತ್ರಿ ಕುರಿ ಮಲಗಿದ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಅವರಿಗೆ ಜೋಳ, ಒಂದಿಷ್ಟು ದುಡ್ಡು. ಕುದುರೆಯ ಮೇಲೆ ಪಾತ್ರೆ, ಕಂಬಳಿ, ಕೋಳಿ, ಕುರಿಮರಿ, ಅದರ ಮಧ್ಯೆಯೇ ಕೂಸು. ತಿಂಗಳುಗಟ್ಟಲೆ ಹಾಗೇ. ಅವರ ಹೆಣ್ಣುಮಕ್ಕಳು ದೂರದಿಂದ ನೀರು ಹೊತ್ತು ತರುತ್ತಿದ್ದರು, ಹುಡುಗರು ಶಾಲೆಯ ಮುಖ ಸರಿಯಾಗಿ ಕಂಡಿರಲಿಲ್ಲ. ಅದನ್ನು ಚೆಂದದ ಬದುಕು ಅಂತ ನಾನು ಹೇಳೋದಿಲ್ಲ. ಆದರೆ ಫಾಲನ್‌ನಿಂದ ಮುಂದೆ ಹೋಗುವಾಗ ಅವ್ವ ಅವರನ್ನೇ ನೆನೆಸಿಕೊಂಡಳು. "ಅವರು ಸಂಜಿಗೆ ಒಲಿ ಮುಂದ ಕುಂತು ಎಲ್ಲಾ ಮಾತಾಡ್ತಿದ್ರು ನೋಡು. ಯಾವ ಕುರಿ ಕುಂಟತೈತಿ, ಯಾರಿಗೆ ಜ್ವರ ಐತಿ ಅಂತ. ಮುಚ್ಚಿಟ್ರ ಮರುದಿನ ನಡಿಯೋದು ಹ್ಯಾಂಗ?" ಹೇಳಿದ ಮೇಲೆ ಅವಳಿಗೇ ನಗು ಬಂತು. ಮುಚ್ಚಿಟ್ಟವಳು ತಾನೇ ತಾನೆ.

ಉಳಿದ ನಾಲ್ಕು ದಿನ ಅದನ್ನೇ ನಾವೂ ಮಾಡಿದೆವು. ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಮೇಜಿನ ಸುತ್ತ ಕೂತು, ನೀರು ಎಷ್ಟಿದೆ, ಮಾತ್ರೆ ಎಷ್ಟಿದೆ, ನಾಳೆ ಆಫೀಸಿಗೆ ಅರ್ಧ ಗಂಟೆ ಬೇಕಾ ಬೇಡವಾ ಅಂತ ಬಾಯಿಬಿಟ್ಟು ಹೇಳೋದು. ಲ್ಯಾಪ್‌ಟಾಪು ರೊಟ್ಟಿ ಡಬ್ಬಿಯ ಪಕ್ಕದಲ್ಲೇ, ಮೇಜಿನ ಮೇಲೆ. ಒಂದು ದಿನ ಹೆಂಡತಿ ಗಾಡಿ ಓಡಿಸಿದಳು, ನಾನು ಹಿಂದೆ ನಿಂತು ಉಪ್ಪಿಟ್ಟು ಕೆದಕೋಕೆ ಹೋಗಿ ಕೈ ಸುಟ್ಟುಕೊಂಡೆ. ಆಮೇಲಿನಿಂದ ಗಾಡಿ ನಿಲ್ಲಿಸಿಯೇ ಅಡುಗೆ.

ಕಳೆದ ವರ್ಷ ಊರಲ್ಲಿ ಅವ್ವನ ಜೊತೆ ಕೂತು 1954ರ ಸಿನಿಮಾ ಮತ್ತೊಮ್ಮೆ ನೋಡಿದೆ. ಭಾಷೆ ಅವಳಿಗೆ ಬೇಕಾಗಲಿಲ್ಲ, ಬೀಳೋದು ಏಳೋದು ಎಲ್ಲಾ ಅರ್ಥ ಆಯ್ತು. ಗಂಡ ಕಲ್ಲು ಎಸೆಯುವ ಜಾಗ ಬಂದಾಗ ನಾನು ನನ್ನ ತೂಕದ ಲೆಕ್ಕ ಹೇಳಿದೆ, ಅವನು ಎಸೆದದ್ದು ಸರಿ ಅಂದೆ. ಅವ್ವ ಟಿವಿಯಿಂದ ಕಣ್ಣು ತೆಗೆಯದೆ ಅಂದಳು: "ಹೌದಪಾ, ಭಾರ ಆಗೇ ಆಗತೈತಿ. ಆದ್ರ ನಾಕು ಕಲ್ಲು ಎದುರಿಗೆ ಇಟ್ಕೊಳ್ಳಾಕ ಬಿಟ್ಟಿದ್ರ ಯಾಕ ಮುಚ್ಚಿಡ್ತಿದ್ಲು ಆಕಿ?"

ಇನ್ನು ಮುಂದೆ ಊಟದ ಟೇಬಲ್ಲಿನಲ್ಲಿ ಯಾರಾದರೂ ಕ್ಯಾರವಾನ್ ಮಾತು ತೆಗೆದರೆ ನಾನು ಈ ಸಿನಿಮಾದ ಹೆಸರು ಹೇಳ್ತೀನಿ. ಮನೆಯವರ ಜೊತೆ ಕೂತು ನೋಡಿ, ಕಲ್ಲಿನ ದೃಶ್ಯ ಬಂದಾಗ ಯಾರು ಯಾರ ಕಡೆ ಅಂತ ಕೇಳಿಕೊಳ್ಳಿ. ಗಾಡಿ ಬುಕ್ ಮಾಡೋದು ಆಮೇಲೆ.